ನುಗ್ಗೆಸೊಪ್ಪು: ಆಹಾರವೇ, ಔಷಧವೇ?

ನಮ್ಮ ನುಗ್ಗೆ ಪುಣೆಯ ಮಂಡಿಯಲ್ಲಿ ‘ಶೇವಗಾ’ ಎನಿಸಿಕೊಳ್ಳುತ್ತದೆ. ಹೆಸರು ಬೇರೆಯಾದರೂ ಸೊಪ್ಪಿನ ಗುಣ ಒಂದೇ.

ಆಹಾರವು ಶಕ್ತಿಯಾಗಿ ಮಾರ್ಪಡುವಾಗ ದೇಹದಲ್ಲಿ ಆಮ್ಲಜನಕದಿಂದ ಕೆಲವು ಉಗ್ರ ಕಣಗಳು ಹುಟ್ಟುತ್ತವೆ. ಇವು ಮಿತಿಮೀರಿದರೆ ಜೀವಕೋಶಗಳಿಗೆ ಹಾನಿ. ಅವುಗಳನ್ನು ಶಮನಗೊಳಿಸುವ ವಸ್ತುಗಳೇ ಉತ್ಕರ್ಷಣ ನಿರೋಧಕಗಳು. ನುಗ್ಗೆಸೊಪ್ಪಿನಲ್ಲಿ ‘ಸಿ’ ಜೀವಸತ್ವ, ಬೀಟಾ ಕೆರೋಟಿನ್‌ಗಳಲ್ಲದೆ ಕ್ವೆರ್ಸೆಟಿನ್, ಕೆಂಪ್‌ಫೆರಾಲ್ ಎಂಬ ಫ್ಲೇವನಾಯ್ಡುಗಳೂ ಇವೆ.

ಈ ಫ್ಲೇವನಾಯ್ಡುಗಳ ಅಧ್ಯಯನಕ್ಕೂ ಪುಣೆಗೂ ನಂಟುಂಟು. ಇಲ್ಲಿಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯಕ್ಕೆ 1957ರಲ್ಲಿ ಪ್ರಥಮ ಭಾರತೀಯ ನಿರ್ದೇಶಕರಾಗಿ ಬಂದ ಡಾ. ಕೆ. ವೆಂಕಟರಾಮನ್ ಅವರ ಹೆಸರು, ಫ್ಲೇವೋನುಗಳನ್ನು ತಯಾರಿಸಲು ನೆರವಾಗುವ ‘ಬೇಕರ್–ವೆಂಕಟರಾಮನ್’ ಕ್ರಿಯೆಯಲ್ಲಿ ಇಂದಿಗೂ ಉಳಿದಿದೆ.

ಆದರೆ ಪ್ರನಾಳದಲ್ಲಿ ಕಂಡ ಗುಣವೆಲ್ಲ ದೇಹದಲ್ಲಿ ಫಲಿಸಬೇಕೆಂದಿಲ್ಲ. ಫಿನ್ಲೆಂಡಿನಲ್ಲಿ 29,133 ಧೂಮಪಾನಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಬೀಟಾ ಕೆರೋಟಿನ್ ಗುಳಿಗೆ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ತಗ್ಗುವುದಿರಲಿ, ಶೇಕಡಾ 18ರಷ್ಟು ಹೆಚ್ಚಾಗಿತ್ತು! ಸೊಪ್ಪಿನಲ್ಲಿ ಹಿತವಾದುದು ಗುಳಿಗೆಯಲ್ಲೂ ಹಿತವೆಂದು ನಂಬುವಂತಿಲ್ಲ.

ಆದುದರಿಂದ ಮಧುಮೇಹ, ರಕ್ತದೊತ್ತಡಗಳಿಗೆ ವೈದ್ಯರು ಕೊಟ್ಟ ಔಷಧವನ್ನು ತ್ಯಜಿಸಿ ನುಗ್ಗೆಯ ಪುಡಿಯನ್ನೇ ನೆಚ್ಚುವುದು ಅಪಾಯಕರ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ‘ಕೆ’ ಜೀವಸತ್ವವುಳ್ಳ ಹಸಿರು ಸೊಪ್ಪುಗಳ ಪ್ರಮಾಣವನ್ನು ಒಮ್ಮೆಲೇ ಹೆಚ್ಚಿಸಲೂ ಬಾರದು.

ಉಳಿದವರಿಗೆ ನುಗ್ಗೆಸೊಪ್ಪು ಉತ್ತಮ ಆಹಾರ. ‘ಸಿ’ ಜೀವಸತ್ವವು ನೀರಿನಲ್ಲಿ ಕರಗುವುದರಿಂದ ಸೊಪ್ಪು ಬೆಂದ ನೀರನ್ನು ಚೆಲ್ಲಬಾರದು. ಬಸಿದ ಕಟ್ಟಿನಲ್ಲೇ ಬಸ್ಸಾರು ಕಾಯಿಸಿ, ಸೊಪ್ಪನ್ನು ಪಲ್ಯ ಮಾಡುತ್ತಿದ್ದ ನಮ್ಮ ಅಜ್ಜಿಯರ ಪದ್ಧತಿ ಪುಣೆಯ ಅಡುಗೆಮನೆಗಳಲ್ಲೂ ಉಳಿಯಲಿ.