ಅಡಿಗೆಮನೆಯ ಅಳತೆಯೂ ಅಂಗಡಿಯ ತೂಕವೂ

ಅಕ್ಕಿ ಅಂಗಡಿಯಿಂದ ಮನೆಗೆ ಬರುವುದು ತೂಕದಲ್ಲಿ. ಮನೆಯಲ್ಲಿ ಅದು ಪಾತ್ರೆಗೆ ಬೀಳುವುದು ಅಳತೆಯಲ್ಲಿ. ಅಂಗಡಿಯ ತಕ್ಕಡಿ ಕಿಲೋಗ್ರಾಮಿನ ಲೆಕ್ಕವನ್ನು ಹೇಳುತ್ತದೆ. ನಮ್ಮ ತಾಯಂದಿರ ಕೈಯಲ್ಲಿರುವುದಾದರೋ ಪಾವು, ಸೇರು, ಇಲ್ಲವೆ ಒಂದು ಲೋಟ. ಇವೆರಡನ್ನು ಹೊಂದಿಸುವ ಬಗೆಯನ್ನು ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಒಟ್ಟಿಗೆ ತಿಳಿಸಲು ಇಲ್ಲಿ ಯತ್ನಿಸಿದ್ದೇವೆ.

ವಸ್ತು ಎಷ್ಟು ಭಾರವಾಗಿದೆ ಎಂಬುದನ್ನು ತೂಕವು ತಿಳಿಸುತ್ತದೆ. ಅದು ಎಷ್ಟು ಜಾಗವನ್ನು ಹಿಡಿಯುತ್ತದೆ ಎಂಬುದನ್ನು ಅಳತೆಯು ತಿಳಿಸುತ್ತದೆ. ಹಿರಿಯರು ಈ ಎರಡಕ್ಕೂ 'ಸೇರು' ಎಂಬ ಒಂದೇ ಹೆಸರನ್ನು ಬಳಸಿದುದರಿಂದ ಗೊಂದಲಕ್ಕೆ ಎಡೆಯಾಯಿತು. ತೂಕದ ಸೇರಾದರೂ ಒಂದೇ ಬಗೆಯದಾಗಿರಲಿಲ್ಲ. ನಮ್ಮ ಕಾಸರಗೋಡು 1956ರವರೆಗೆ ಸೇರಿದ್ದ ಮದರಾಸಿನ ಆಡಳಿತದಲ್ಲಿ 24 ತೊಲದ ಕಚ್ಚಾ ಸೇರು ಬಳಕೆಯಲ್ಲಿದ್ದಿತು. ಅದು ಇಂದಿನ 280 ಗ್ರಾಂ. 80 ತೊಲದ ಸೇರು 933 ಗ್ರಾಂ. ಅಜ್ಜಿಯ ಪಾಕದಲ್ಲಿ 'ಒಂದು ಸೇರು ಬೆಲ್ಲ' ಎಂದಿದ್ದರೆ ಯಾವ ಸೇರು ಎಂದು ಮೊದಲು ವಿಚಾರಿಸದೆ ಒಲೆ ಹೊತ್ತಿಸಬಾರದು! ನೆರೆಮನೆಯ ಮಲಯಾಳಿ ಗೃಹಿಣಿಯು ನಾಳಿ, ಇಡಂಗಳಿಗಳಲ್ಲಿ ಅಳೆಯುತ್ತಿದ್ದಳು. 1956ರ ಕಾಯಿದೆಯ ಮೇರೆಗೆ 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಬಂದವು. ಅಂಗಡಿಯ ಗೊಂದಲ ಅಳಿಯಿತು, ಅಡಿಗೆಮನೆಯದು ಉಳಿಯಿತು.

1 ಲೀಟರ್ ನೀರು 1 ಕಿಲೋಗ್ರಾಂ ತೂಗುತ್ತದೆ. ಇದು ಆಕಸ್ಮಿಕವಲ್ಲ. 1795ರಲ್ಲಿ ಫ್ರಾನ್ಸಿನವರು ಗ್ರಾಮನ್ನು ಗೊತ್ತುಮಾಡಿದುದೇ ಒಂದು ಘನ ಸೆಂಟಿಮೀಟರ್ ನೀರಿನ ತೂಕದಿಂದ. ಆದರೆ ಈ ಸಮಾನತೆ ನೀರಿಗೆ ಮಾತ್ರ ಸಲ್ಲುತ್ತದೆ. ಎಣ್ಣೆಯ ಪೊಟ್ಟಣದ ಮೇಲೆ 1 ಲೀಟರ್ ಎಂದೂ 910 ಗ್ರಾಂ ಎಂದೂ ಎರಡನ್ನೂ ಮುದ್ರಿಸಿರುವುದನ್ನು ಮಕ್ಕಳು ಗಮನಿಸಿರಬಹುದು. 200 ಮಿಲಿಲೀಟರ್ ಹಿಡಿಯುವ ಲೋಟದಲ್ಲಿ ಜೇನುತುಪ್ಪ ಸುಮಾರು 280 ಗ್ರಾಂ, ಸಕ್ಕರೆ ಸುಮಾರು 170, ರವೆ ಸುಮಾರು 140 ಗ್ರಾಂ ಹಿಡಿಯುತ್ತದೆ. ತೆಳು ಅವಲಕ್ಕಿಯಾದರೆ ಲೋಟ ತುಂಬಿದರೂ ತಕ್ಕಡಿ ಅಲುಗಿದಂತೆ ಕಾಣುವುದಿಲ್ಲ. ಎಲ್ಲಕ್ಕಿಂತ ಚಂಚಲವಾದುದು ಹಿಟ್ಟು. ಜರಡಿಯಾಡಿಸಿ ಹಗುರವಾಗಿ ತುಂಬಿದ ಗೋಧಿಹಿಟ್ಟು 100 ಗ್ರಾಂ ಆದರೆ, ಅದೇ ಲೋಟವನ್ನು ಡಬ್ಬಿಯಲ್ಲಿ ಅದ್ದಿ ಒತ್ತಿ ತುಂಬಿದಾಗ 125 ಗ್ರಾಂ ಆದೀತು. ಆದುದರಿಂದ ಹಿಟ್ಟನ್ನು ತೂಗುವುದೇ ಲೇಸೆಂದು ನಮ್ಮ ಅಭಿಪ್ರಾಯ. ಬೇರೆ ವಸ್ತುಗಳನ್ನು ರಾಶಿಯೇರಿಸದೆ, ಬಾಯಿಯ ಸಮಕ್ಕೆ ಸವರಿ ಅಳೆಯಬೇಕು.

ದೋಸೆಗೆ ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು ಎಂಬ ಮಾತಿಗೆ ಈ ಲೆಕ್ಕವೇನೂ ಬೇಡ. ಎಲ್ಲವನ್ನೂ ಒಂದೇ ಪಾತ್ರೆಯಿಂದ ಅಳೆಯುವವರೆಗೆ ಆ ಪಾತ್ರೆ ಎಷ್ಟು ದೊಡ್ಡದಾದರೂ ಸರಿಯೆ. ಪಾಕದ ಅರ್ಧ ಭಾಗ ಗ್ರಾಮಿನಲ್ಲಿಯೂ ಅರ್ಧ ಭಾಗ ಲೋಟದಲ್ಲಿಯೂ ಇದ್ದಾಗಲೇ ತೊಡಕು.

ಅದಕ್ಕೆ ಉಪಾಯವುಂಟು. ಬರಿಯ ಲೋಟವನ್ನು ತೂಗಿರಿ. ನೀರು ತುಂಬಿ ಮತ್ತೆ ತೂಗಿರಿ. ಹೆಚ್ಚಿದ ಗ್ರಾಮುಗಳಷ್ಟೇ ಮಿಲಿಲೀಟರುಗಳನ್ನು ಆ ಲೋಟ ಹಿಡಿಯುತ್ತದೆ. ಬಳಿಕ ಒರೆಸಿ, ಅಕ್ಕಿ ತುಂಬಿ ತೂಗಿರಿ. 200 ಮಿಲಿಲೀಟರ್ ಲೋಟದಲ್ಲಿ ಅಕ್ಕಿ 164 ಗ್ರಾಂ ಬಂದಿತೆನ್ನೋಣ. 164ನ್ನು 200ರಿಂದ ಭಾಗಿಸಿದರೆ 0.82, ಆ ಅಕ್ಕಿಯ 1 ಲೀಟರಿಗೆ 820 ಗ್ರಾಂ. ಬೆಳ್ತಿಗೆ ಅಕ್ಕಿಗೂ ಕುಚ್ಚಿಲಕ್ಕಿಗೂ ಬೇರೆ ಬೇರೆಯಾಗಿಯೇ ತೂಗಿ ಬರೆದಿಡಬೇಕು. ಮನೆಯಲ್ಲಿ ಹಳೆಯ ಹಿತ್ತಾಳೆಯ ಪಾವು ಇದ್ದರೆ ಅದನ್ನೂ ಹೀಗೆಯೇ ಪರೀಕ್ಷಿಸಬಹುದು; ಅಜ್ಜಿಯ ಪಾಕಗಳನ್ನು ಗ್ರಾಮಿಗೆ ತರಲು ಬೇರೆ ದಾರಿಯಿಲ್ಲ.

ಈ ಲೆಕ್ಕ ತಪ್ಪಿದರೆ ಮನೆಯಲ್ಲಿ ಒಂದು ಹೊತ್ತಿನ ಪಾಯಸ ಕೆಟ್ಟೀತು, ಅಷ್ಟೆ. ಶಾಲೆಯ ಅಡಿಗೆಮನೆಯಲ್ಲಿ ಹಾಗಲ್ಲ. ಸರಕಾರದ ಮಧ್ಯಾಹ್ನದ ಊಟದ ಯೋಜನೆಯಲ್ಲಿ ಒಂದರಿಂದ ಐದನೆಯ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯವೆಂದು ಗೊತ್ತುಪಡಿಸಲಾಗಿದೆ. 120 ಮಕ್ಕಳಿದ್ದರೆ 12 ಕಿಲೋ. ಲೀಟರೆಂದರೆ ಕಿಲೋ ಎಂದು ನಂಬಿ 1 ಲೀಟರಿನ ಪಾತ್ರೆಯಲ್ಲಿ 12 ಬಾರಿ ಮೇಲಿನ ಅಕ್ಕಿಯನ್ನು ಅಳೆದು ಸುರಿದರೆ ಅನ್ನಕ್ಕೆ ಬೀಳುವುದು 9 ಕಿಲೋ 840 ಗ್ರಾಂ ಮಾತ್ರ. ಕೊರತೆ 2 ಕಿಲೋ 160 ಗ್ರಾಂ, ಎಂದರೆ 21ಕ್ಕೂ ಹೆಚ್ಚು ಮಕ್ಕಳ ಊಟ! ಯಾರೂ ಕದ್ದಿಲ್ಲ, ಯಾರೂ ಚೆಲ್ಲಿಲ್ಲ. ಆದರೂ ಸಾಲಿನ ಕೊನೆಯವರ ತಟ್ಟೆಗೆ ಅನ್ನ ಸಾಲದು. ಅಲ್ಲಿ ಬೇಕಾದುದು 14 ಪಾತ್ರೆ, ಮೇಲೆ ಅರ್ಧಕ್ಕಿಂತ ತುಸು ಹೆಚ್ಚು. ಹೊಸ ಅಕ್ಕಿಯ ಮೂಟೆ ಬಂದಾಗಲೆಲ್ಲ ತೂಗಿ ನೋಡಿ ಈ ಅಂಕಿಯನ್ನು ಉಗ್ರಾಣದ ಗೋಡೆಯ ಮೇಲೆ ಬರೆದಿಡುವ ಕೆಲಸವನ್ನು ಏಳನೆಯ ತರಗತಿಯ ಮಕ್ಕಳಿಗೇ ವಹಿಸಬಹುದು.