ಮಾತಾಡುವ ಕೆಂಪು ನಿಲುವಂಗಿ

ವೇಷಕ್ಕೂ ನಾಲಗೆಯುಂಟೆಂಬುದನ್ನು ತುಮಕೂರು ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಬರಗೂರಿನ ಸುತ್ತಣ ಈ ನಾಡು ಮೂಡಲಪಾಯ ಬಯಲಾಟದ ನಾಡು. ಪಾತ್ರಧಾರಿ ಬಾಯ್ದೆರೆಯುವ ಮೊದಲೇ ಕಿರೀಟ, ಭುಜಕೀರ್ತಿಗಳು ಅವನಾರೆಂಬುದನ್ನು ಸಾರಿಬಿಡುತ್ತವೆ. ವೇಷದ ಇದೇ ಶಕ್ತಿಯನ್ನು ಕಡಲಾಚೆಯ ಟೆಲಿವಿಷನ್ ಪ್ರೇಕ್ಷಕರು ಬೀದಿಗೆ ತಂದ ವೃತ್ತಾಂತವೊಂದಿದೆ.

ಕೆನಡಾದ ಲೇಖಕಿ ಮಾರ್ಗರೆಟ್ ಅಟ್‌ವುಡ್ ಅವರ 1985ರ ಕಾದಂಬರಿ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ 2017ರ ಏಪ್ರಿಲ್‌ನಲ್ಲಿ ಧಾರಾವಾಹಿಯಾಗಿ ತೆರೆಗೆ ಬಂದಿತು. ಗಿಲಿಯಡ್ ಎಂಬ ಕಲ್ಪಿತ ರಾಜ್ಯದಲ್ಲಿ ಹೆಣ್ಣಿಗೆ ಓದಿಲ್ಲ, ಆಸ್ತಿಯಿಲ್ಲ. ಅಧಿಕಾರಿಗಳ ಮನೆಗೆ ಮಕ್ಕಳನ್ನು ಹೆತ್ತುಕೊಡುವ ದಾಸಿಯರಿಗೆ ಸ್ವಂತ ಹೆಸರೂ ಇಲ್ಲ. ಅವರ ಉಡುಪು ಕೆಂಪು ನಿಲುವಂಗಿ, ಮುಖ ಮರೆಸುವ ಬಿಳಿಯ ಕುಲಾವಿ. ಬಾಲ್ಯದಲ್ಲಿ ತಮ್ಮನ್ನು ಬೆದರಿಸಿದ್ದ, ಪಾತ್ರೆ ಉಜ್ಜುವ ಪುಡಿಯ ಡಬ್ಬಿಯ ಮೇಲಿನ ಮುಖ ಕಾಣದ ಹೆಂಗಸಿನ ಚಿತ್ರವೇ ಇದಕ್ಕೆ ಪ್ರೇರಣೆಯೆಂದು ಲೇಖಕಿ ಹೇಳಿದ್ದಾರೆ.

ಧಾರಾವಾಹಿಯ ಪ್ರಚಾರ ನಡೆದಿದ್ದ 2017ರ ಮಾರ್ಚ್‌ನಲ್ಲೇ, ಗರ್ಭಪಾತ ನಿರ್ಬಂಧದ ಮಸೂದೆಗಳನ್ನು ವಿರೋಧಿಸಿ ಮಹಿಳೆಯರು ಈ ವೇಷದಲ್ಲಿ ಟೆಕ್ಸಾಸ್ ಸೆನೆಟ್ಟಿನ ಗ್ಯಾಲರಿಯಲ್ಲಿ ಕುಳಿತರು. 2018ರಲ್ಲಿ ಅದೇ ಕೆಂಪು ಸಾಲು ಅರ್ಜೆಂಟೀನದ ರಾಜಧಾನಿಯಲ್ಲೂ ನಡೆಯಿತು. ಆ ವರ್ಷವೇ ಅಮೆರಿಕದ ವ್ಯಾಪಾರಸಂಸ್ಥೆಯೊಂದು ಈ ಉಡುಪನ್ನು ವಿಲಾಸವೇಷವಾಗಿಸಿ ಮಾರಹೊರಟಾಗ ಅಭಿಮಾನಿಗಳು ಕೆರಳಿದರು. ಸಂಸ್ಥೆ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು.

ಅಭಿಮಾನಿಗಳು ಬರೆದ ಚಿತ್ರಗಳಲ್ಲಿ ಎಷ್ಟೋ ವೇಳೆ ಮುಖವೇ ಇರುವುದಿಲ್ಲ. ಮುಖವಿಲ್ಲದ ಕುಲಾವಿಯೊಳಗೆ ನೋಡುವವಳು ತನ್ನ ಮುಖವನ್ನೇ ಕಾಣಬಹುದಲ್ಲವೆ? ಚರಿತ್ರೆಯಲ್ಲಿ ಎಲ್ಲಿಯೂ ನಡೆಯದಿದ್ದುದನ್ನು ತಾವು ಕಾದಂಬರಿಯಲ್ಲಿ ತಂದಿಲ್ಲವೆಂಬುದು ಅಟ್‌ವುಡ್ ಅವರ ಮಾತು. ಅರ್ಜೆಂಟೀನದ ಮಹಿಳೆಯರಿಗೆ 2020ರಲ್ಲಿ ಗರ್ಭಪಾತದ ಹಕ್ಕು ದೊರೆಯಿತು. ಅಮೆರಿಕದಲ್ಲಿ ಅದಕ್ಕಿದ್ದ ಸಂವಿಧಾನದ ರಕ್ಷಣೆ 2022ರಲ್ಲಿ ಇಲ್ಲವಾಯಿತು. ಧಾರಾವಾಹಿ 2025ರಲ್ಲಿ ಮುಗಿದಿದೆ. ವೇಷ ಕಳಚುವ ಕಾಲ ಮಾತ್ರ ಇನ್ನೂ ಬಂದಿಲ್ಲ.