ದೀಪಕ್ಕೆ ಬರುವುದು ಪತಂಗ, ಗರಿ ತಿನ್ನುವ ಹುಳುವಲ್ಲ

ಬೇಸಿಗೆಯಲ್ಲಿ ತಿಪಟೂರಿನಿಂದ ತುರುವೇಕೆರೆ ಕಡೆಗೋ ಚಿಕ್ಕನಾಯಕನಹಳ್ಳಿ ಕಡೆಗೋ ಹೊರಟರೆ, ಕೆಳಗರಿಗಳೆಲ್ಲ ಬೆಂಕಿಗೆ ಹಿಡಿದಂತೆ ಕಂದಿಹೋದ ತೆಂಗಿನ ತೋಟಗಳು ಅಲ್ಲಲ್ಲಿ ಕಣ್ಣಿಗೆ ಬೀಳುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಉಂಡೆ ಕೊಬ್ಬರಿಯನ್ನೇ ನಂಬಿ ಬದುಕುವ ಸೀಮೆ ಇದು. ಈ ಪೀಡೆಯ ಬಗ್ಗೆ ತೋಟಗಳಲ್ಲಿ ಕೇಳಿಬರುವ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

‘ನೀರಿಲ್ಲದೆ ಗರಿ ಒಣಗಿದೆ’

ಒಂದು ಗರಿ ಕೊಯ್ದು ಮಗುಚಿ ನೋಡಿ. ಎಲೆಯಡಿಯಲ್ಲಿ ಹಿಕ್ಕೆಯನ್ನೂ ನೂಲಿನಂಥ ಎಳೆಯನ್ನೂ ಸೇರಿಸಿ ಕಟ್ಟಿದ ಸುರಂಗವಿದ್ದರೆ ಅದು ಕಪ್ಪುತಲೆ ಹುಳು. ಉಗುರಿನಿಂದ ಬಿಡಿಸಿದರೆ, ಮೈಮೇಲೆ ಕಂದು ಗೆರೆಯಿರುವ ಹುಳು ಸಿಗುತ್ತದೆ. ಹಸಿರನ್ನೆಲ್ಲ ಕೆರೆದು ತಿಂದು ಮೇಲಿನ ಪೊರೆಯನ್ನಷ್ಟೇ ಉಳಿಸಿರುತ್ತದೆ. ಒಣಗಿದಂತೆ ಕಾಣುವುದು ಆ ಪೊರೆಯೇ.

‘ದೀಪ ಕಟ್ಟಿದರೆ ಹುಳು ಸಾಯುತ್ತದೆ’

ದೀಪಕ್ಕೆ ಬರುವುದು ಬೂದು ಬಣ್ಣದ ಪತಂಗ. ಅದು ಗರಿ ತಿನ್ನುವುದಿಲ್ಲ. ತಿನ್ನುವ ಹುಳು ಸುಮಾರು 40 ದಿನ ಸುರಂಗದಲ್ಲೇ ಇರುತ್ತದೆ, ಯಾವ ಬೆಳಕಿಗೂ ಹೊರಬರುವುದಿಲ್ಲ. ದೀಪದ ಬಲೆಗೆ ಬಿದ್ದ ಹೆಣ್ಣು ಅಷ್ಟರಲ್ಲಿ ಮೊಟ್ಟೆ ಇಟ್ಟು ಮುಗಿಸಿರಲೂಬಹುದು. ಬೆಳಗ್ಗೆ ದೀಪದ ಕೆಳಗಿಟ್ಟ ಬೋಗುಣಿಯ ನೀರಿನಲ್ಲಿ ತೇಲುವುದನ್ನು ಕಡ್ಡಿಯಿಂದ ಬೇರ್ಪಡಿಸಿ ನೋಡಿ: ಹಸಿರು ರೆಕ್ಕೆಯ ಲೇಸ್‌ವಿಂಗ್, ಸಣ್ಣ ಕಣಜ, ಹೀಗೆ ನಮ್ಮ ತೋಟ ಕಾಯುವವೂ ಅಲ್ಲಿರುತ್ತವೆ. ರಾತ್ರಿಯಿಡೀ ದೀಪ ಉರಿಸಬೇಡಿ ಎನ್ನುವುದು ಇದಕ್ಕೇ.

‘ಒಂದೇ ಲೂರ್ ಎಲ್ಲ ಕೀಟಕ್ಕೂ ಆಗುತ್ತದೆ’

ಆಗುವುದಿಲ್ಲ. ಲೂರ್ ಎಂದರೆ ಕೀಟವನ್ನು ಬಲೆಗೆ ಸೆಳೆಯುವ ವಾಸನೆಯ ಎರೆ. ಕಪ್ಪುತಲೆ ಹುಳುವಿನ ಲೂರ್‌ನಲ್ಲಿರುವುದು ಹೆಣ್ಣು ಪತಂಗದ ವಾಸನೆ, ಬರುವುದು ಗಂಡು ಮಾತ್ರ. ಕುರುವಾಯಿ ದುಂಬಿ, ಕೆಂಪುಮೂತಿ ಹುಳುಗಳಲ್ಲಿ ವಾಸನೆ ಗಂಡಿನದು, ಬರುವುದು ಎರಡೂ. ನುಸಿಗೆ ಬಲೆಯೇ ಇಲ್ಲ.

‘ಬಲೆ ತುಂಬಿತು, ಪೀಡೆ ಮುಗಿಯಿತು’

ನಷ್ಟ ಮಾಡುವ ನಂಬಿಕೆ ಇದೇ. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲದು, ಉಳಿದ ನಾಲ್ಕೇ ಗಂಡು ಸಾಕು. ನನ್ನ ಮಟ್ಟಿಗೆ ಬಲೆ ಒಂದು ಪಂಚಾಂಗ. ಈ ಹುಳುವಿನ ಪೀಳಿಗೆಗಳು ತೋಟದಲ್ಲಿ ಹೆಚ್ಚಾಗಿ ಒಟ್ಟೊಟ್ಟಿಗೇ ಬೆಳೆಯುತ್ತವೆ. ಒಮ್ಮೆ ಎಲ್ಲ ಪತಂಗ, ಮತ್ತೊಮ್ಮೆ ಎಲ್ಲ ಹುಳು. ಹಾಗಾಗಿ ದಿನವೂ ಬಿದ್ದ ಪತಂಗ ಎಣಿಸಿ ಬರೆದಿಡಿ. ಹೆಚ್ಚು ಬಿದ್ದ ದಿನದಿಂದ ಸುಮಾರು ಮೂರು ವಾರಕ್ಕೆ ಗರಿ ಕೊಯ್ದು ನೋಡಿ. ಹುಳು ಬಲಿಯುತ್ತಿದ್ದರೆ ಗೋನಿಯೋಜಸ್ ಎಂಬ ಪರೋಪಜೀವಿ ಕಣಜ ಬಿಡುವ ಕಾಲ ಅದೇ. ಪತಂಗ ಹಾರುವಾಗ ಬಿಟ್ಟರೆ ಅದಕ್ಕೆ ಹುಳುವೇ ಸಿಗುವುದಿಲ್ಲ. ದಿನದ ಲೆಕ್ಕ ತಿಳಿಯದಿದ್ದರೆ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದು ಗರಿ ಹಿಡಿದು ಹೋಗಿ.

ಇರುವೆಯಷ್ಟೇ ಇರುವ ಈ ಕಪ್ಪು ಗೋನಿಯೋಜಸ್ ಕಣಜ ಸುರಂಗಕ್ಕೇ ನುಗ್ಗುತ್ತದೆ. ಹುಳುವನ್ನು ಕುಟುಕಿ ಜಡವಾಗಿಸಿ, ಅದರ ಮೈಮೇಲೆ ಸಾಲಾಗಿ ಮೊಟ್ಟೆಯಿಟ್ಟು, ಮರಿಗಳು ತಿಂದು ಬೆಳೆಯುವವರೆಗೂ ಪಕ್ಕದಲ್ಲೇ ಕಾವಲು ಕೂರುತ್ತದೆ. ಆ ದಿನಗಳಲ್ಲಿ ದಯವಿಟ್ಟು ಮರಕ್ಕೆ ವಿಷ ಹೊಡೆಯಬೇಡಿ.